ಕಣಜದ ಬಾಯಿ ಕಾಯುವ ಕೆಲಸ

ಹೊಸಬರಿಗೆ ನಾನು ಕಲಿಸುವ ಮೊದಲ ಪಾಠ ಕೂಗುವುದು. ಯಂತ್ರಗಳ ಹೆಸರು, ಗುಂಡಿಗಳ ಬಣ್ಣ, ಹಸಿ ಭತ್ತ ಯಾವುದು, ಒಣ ಭತ್ತ ಯಾವುದು, ಇವೆಲ್ಲ ಆಮೇಲೆ. ಗಂಗಾವತಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಬೆಳಿಗ್ಗೆ ಭತ್ತವನ್ನು ಮೇಲಕ್ಕೊಯ್ಯುವ ಎಲಿವೇಟರುಗಳ ಸದ್ದು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವರ ಕೆಮ್ಮು ಕೂಡ ಕೇಳುವುದಿಲ್ಲ. ಆ ಸದ್ದನ್ನು ದಾಟಿ ಹೋಗುವಂಥ ದನಿ ಬೇಕು. ಅದಿಲ್ಲದವರು ಆಫೀಸಿನಲ್ಲಿ ಕೂತು ತೂಕದ ಚೀಟಿ ಬರೆಯಲಿ, ನನ್ನ ಹತ್ತಿರ ಬರುವುದು ಬೇಡ.

ನಾನು ಮಂಗಳೂರಿನವಳು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವರನ್ನು ಊಟಕ್ಕೆ ಕರೆದು ಬೆಳೆದವಳಿಗೆ ದನಿಯ ಕೊರತೆ ಇರಲಿಲ್ಲ. ಭತ್ತದ ತೇವ ನೋಡುವ ಕೆಲಸಕ್ಕೆಂದು ಗಿರಣಿಗೆ ಸೇರಿದೆ. ಬರಬರುತ್ತ ಹೊಸಬರನ್ನು ಪಳಗಿಸುವ ಕೆಲಸವೂ ನನ್ನ ಹೆಗಲಿಗೇ ಬಿತ್ತು. ಆಕೆಯ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ಹಿಂದೆ ಆಡಿಕೊಳ್ಳುತ್ತಾರೆ. ಎರಡೂ ನಿಜವೇ ಆದ್ದರಿಂದ ನಾನು ಬೇಸರ ಮಾಡಿಕೊಂಡಿಲ್ಲ.

ನನ್ನ ಕೈಗೆ ಬರುವವರು ಹೆಚ್ಚಾಗಿ ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಸುತ್ತಲ ಹಳ್ಳಿಯವರು. ಕೆಲವರು ಪಿಯುಸಿ, ಕೆಲವರು ಐಟಿಐ. ಏನು ಕೇಳಿದರೂ 'ಹೂನ್ರಿ ಅಕ್ಕಾರ' ಅನ್ನುತ್ತಾರೆ. ತಿಳಿಯಿತೇನು ಎಂದರೆ ಹೂನ್ರಿ. ತಿಳಿಯಲಿಲ್ಲವೇನು ಎಂದರೂ ಹೂನ್ರಿ. ಹಿರಿಯರ ಮುಂದೆ ಇಲ್ಲ ಅನ್ನುವುದು ಅವರಿಗೆ ಮರ್ಯಾದೆಗೇಡು. ಇನ್ನು ಭತ್ತದ ಮೇಲೆ ಕಾಲಿಡುವಾಗ, ನಾನು ಅಷ್ಟು ಬಡಿದುಕೊಂಡರೂ, ಬೂಟು ಬಿಚ್ಚಿ ಬದಿಗಿಟ್ಟು ಬರಿಗಾಲಲ್ಲಿ ಹತ್ತುತ್ತಾರೆ. 'ಲಕ್ಷ್ಮಿ ಮ್ಯಾಲ ಬೂಟಗಾಲು ಇಡಬಾರದ್ರಿ' ಎಂದು ನನಗೇ ಬುದ್ಧಿ ಹೇಳುತ್ತಾರೆ. ಕಣದಲ್ಲಿ ರಾಶಿಯ ಮೇಲೆ ಆಡಿ ಬೆಳೆದವರು, ಕಾಳು ತಮ್ಮನ್ನು ಹೊತ್ತು ನಿಲ್ಲುತ್ತದೆ ಎಂದೇ ಅವರ ನಂಬಿಕೆ. ಗಿರಣಿಯ ಕಣಜ ಹಾಗಲ್ಲ ಎಂದು ತಿಳಿಸಿಕೊಡುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ.

ನಮ್ಮದು ತಗಡಿನ ಕಣಜ, ಎರಡು ಮಾಳಿಗೆಯಷ್ಟು ಎತ್ತರ. ತಳದಲ್ಲಿ ಒಂದು ಕಿಂಡಿ, ಕಿಂಡಿಯ ಕೆಳಗೆ ಬೆಲ್ಟು. ಬೆಲ್ಟು ಓಡಿದರೆ ಭತ್ತ ಕೆಳಗಿನಿಂದ ಸರಿಯುತ್ತದೆ, ಮೇಲೆ ನಿಂತವರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಮೊಣಕಾಲು ಮುಳುಗಿದ ಮೇಲೆ ತಾವಾಗಿ ಎದ್ದು ಬರಲು ಆಗುವುದಿಲ್ಲ. ಹಸಿ ಭತ್ತ ಬಂದಾಗ ಅದು ಒಳಗೇ ಹೆಪ್ಪುಗಟ್ಟಿ ನಿಂತುಬಿಡುತ್ತದೆ, ಆಗ ಯಾರಾದರೂ ಇಳಿದು ಗಳದಿಂದ ಚುಚ್ಚಿ ಬಿಡಿಸಬೇಕು. ಇಳಿಯುವ ಮೊದಲು ಬೆಲ್ಟು ನಿಂತಿರಬೇಕು, ಇಳಿದವರು ಹೊರಗೆ ಬಂದ ಮೇಲೆಯೇ ಅದು ಓಡಬೇಕು. ಕೆಳಗೆ ಬೆಲ್ಟಿನ ಗುಂಡಿಗಳಿರುವ ಪ್ಯಾನಲ್ ಬೋರ್ಡಿನ ಮುಂದೆ ನಿಂತವರಿಗೆ ಕಣಜದ ಒಳಗು ಕಾಣುವುದಿಲ್ಲ. ಮೇಲೆ ಅಟ್ಟಣಿಗೆಯಲ್ಲಿ, ಕಣಜದ ಬಾಯಿಯ ಹತ್ತಿರ ಕಾವಲು ನಿಂತವರಿಗೆ ಮಾತ್ರ ಕಾಣುತ್ತದೆ. ಕಾವಲಿನವರು ಕೂಗಬೇಕಾದದ್ದು ಎರಡೇ ಮಾತು, 'ಬಂದ್' ಮತ್ತು 'ಚಾಲೂ'. ದೊಡ್ಡ ಕಾರ್ಖಾನೆಗಳಲ್ಲಿ ಬೋರ್ಡಿಗೆ ಬೀಗ ಹಾಕಿ, ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಇಳಿಯುತ್ತಾರಂತೆ. ನಮ್ಮದು ಹಳೆಯ ಗಿರಣಿ. ಬೀಗ ಬೇಕೆಂದು ನಾನು ಕೇಳುತ್ತಲೇ ಇದ್ದೆ, ತರಿಸೋಣ ಎಂದು ಗಿರಣಿಯ ಒಡೆಯರಾದ ಸಾವ್ಕಾರರು ಅನ್ನುತ್ತಲೇ ಇದ್ದರು.

ಪ್ಯಾನಲ್ ಬೋರ್ಡು ನೋಡುವವರು ಇರಕಲ್ಲಗಡದ ಒಬ್ಬ ಹಿರಿಯರು. ಬಹಳ ವರ್ಷಗಳಿಂದ ಗಂಗಾವತಿಯಲ್ಲೇ ಮನೆ ಮಾಡಿಕೊಂಡಿದ್ದಾರೆ. ಇಡೀ ಗಿರಣಿ ಅವರನ್ನು ಕಾಕಾ ಎಂದೇ ಕರೆಯುತ್ತದೆ. ಮಾತು ಕಡಿಮೆ, ಕೆಲಸದಲ್ಲಿ ಅಚ್ಚುಕಟ್ಟು. ಅಂಥವರು ಒಂದು ದಿನ ಚಹಾ ಕುಡಿಯುವ ಹೊತ್ತಿಗೆ ನನ್ನ ಹತ್ತಿರ ಬಂದು ತಲೆ ಕೆರೆದುಕೊಳ್ಳುತ್ತ ನಿಂತರು.

"ಅಕ್ಕಾರ, ನಮ್ಮ ಸೊಸಿ ಐಟಿಐ ಮಾಡ್ಯಾಳ್ರಿ, ಫಿಟ್ಟರ್. ಭಾಳ ಶಾಣ್ಯಾಕಿ. ಮನ್ಯಾಗ ಕುಂತು ಏನ ಮಾಡ್ತಾಳ? ಇಲ್ಲೆ ಹಚ್ಚಿದ್ರ ಛಲೋ ಅಕ್ಕಿತ್ತು."

ಸೊಸೆಯ ಬಗ್ಗೆ ಅವರ ಮುಖದಲ್ಲಿ ಅಷ್ಟು ಅಭಿಮಾನ ಕಂಡು ನನಗೆ ಖುಷಿಯಾಯಿತು. ನಾನೇ ಹೋಗಿ ಸಾವ್ಕಾರರಿಗೆ ಹೇಳಿದೆ. ನಮ್ಮಲ್ಲಿ ಹೆಂಗಸರು ಕಸ ಹೊಡೆಯುತ್ತಾರೆ, ಚೀಲ ಹೊಲಿಯುತ್ತಾರೆ. ಮಷೀನಿನ ಕಡೆ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಸಾವ್ಕಾರರು ಬಹಳ ಹೊತ್ತು ಯೋಚಿಸಿ, "ಸುಗ್ಗಿ ನೆಲ್ಲು ಬರೋ ತನಕ ನೋಡೂನು. ಮಷಿನ್ ಕಡೀ ನಿಂತ್ರ ನಿಂತ್ಲು, ಇಲ್ಲಾಂದ್ರ ಕಸಾ ಹೊಡಿಯೋ ಹೆಣ್ಮಕ್ಕಳ ಜೋಡಿ ಹಾಕಿಬಿಡ್ರಿ" ಅಂದರು.

ಹುಡುಗಿ ತಲೆಯ ತುಂಬ ಸೆರಗು ಹೊದ್ದು ಬಂದಳು. ತವರು ಅಳವಂಡಿ. ಕೋಟು, ಟೊಪ್ಪಿಗೆ, ಬೂಟು ಕೊಟ್ಟೆ. ಕೈ ತುಂಬ ಹಸಿರು ಗಾಜಿನ ಬಳೆ ಇದ್ದವು. ಓಡುವ ಬೆಲ್ಟಿನ ಹತ್ತಿರ ಬಳೆ ಆಗುವುದಿಲ್ಲ, ಬಿಚ್ಚು ಎಂದೆ.

"ಮುತ್ತೈದಿ ಬರೇ ಕೈಲೆ ಇರಬಾರದಂತ ಅತ್ತಿ ಬಯ್ತಾರ್ರಿ," ಅಂದಳು.

"ಅರಿಷಿಣದ ದಾರ ಕಟ್ಕೋ. ಅತ್ತಿ ಕೇಳಿದ್ರ ನನ್ನ ಹೆಸರ ಹೇಳು."

ಮರುದಿನದಿಂದ ಗೇಟು ದಾಟಿದೊಡನೆ ಬಳೆ ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿ, ರೊಟ್ಟಿಯ ಡಬ್ಬಿಯ ಮಗ್ಗುಲಿಗೆ ಇಡತೊಡಗಿದಳು. ಕೆಲಸ ಬೇಗ ಹಿಡಿದಳು. ಬೇರಿಂಗಿಗೆ ಗ್ರೀಸು ಹಾಕುವುದು, ಬೆಲ್ಟು ಬಿಗಿ ಮಾಡುವುದು, ಎಲಿವೇಟರಿನ ಬಕೆಟು ಬದಲಿಸುವುದು, ಯಾವುದನ್ನೂ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುತ್ತಿದ್ದಳು, ಅದೊಂದೇ ಸಾಕಾಗಿತ್ತು ನಾನು ಅವಳನ್ನು ಮೆಚ್ಚಲು. ಉಳಿದದ್ದು ಕಣಜದ ಕಾವಲು ಒಂದೇ.

ಮೊದಲ ತಾಲೀಮಿಗೆ ಕಣಜ ಖಾಲಿ ಇದ್ದ ದಿನ ನೋಡಿ ಅವಳನ್ನು ಅಟ್ಟಣಿಗೆಗೆ ಹತ್ತಿಸಿದೆ. ಒಳಗೆ ಒಬ್ಬ ಇಳಿದಿದ್ದಾನೆ ಎಂದುಕೋ, ಕೆಳಗಿನಿಂದ ಕಾಕಾ ಕೇಳುತ್ತಾರೆ, ಇನ್ನೂ ಹೊರಗೆ ಬಂದಿಲ್ಲದಿದ್ದರೆ 'ಇಲ್ಲ, ಬಂದ್' ಎಂದು ಕೂಗು ಎಂದು ಹೇಳಿಕೊಟ್ಟೆ. ಹೂನ್ರಿ ಅಂದಳು. ಕೆಳಗಿನಿಂದ ಕಾಕಾ ಕೇಳಿದರು.

"ಹೊರಗ ಬಂದ್ರೇನೂ?"

ಹುಡುಗಿ ಟೊಪ್ಪಿಗೆಯ ಕೆಳಗಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ಮಗ್ಗುಲಿಗೆ ತಿರುಗಿ ನನ್ನ ಮುಖ ನೋಡಿದಳು. ತುಟಿ ಎರಡಾಗಲಿಲ್ಲ. ಕೂಗು ಎಂದು ನಾನು ಕೈಸನ್ನೆ ಮಾಡುವಷ್ಟರಲ್ಲಿ ಕೆಳಗೆ ಬೆಲ್ಟು ಗಡಗಡ ಎಂದು ಓಡತೊಡಗಿತು. ಪುಣ್ಯಕ್ಕೆ ಕಣಜ ಖಾಲಿ ಇತ್ತು. ಒಳಗೆ ನಿಜವಾಗಿ ಒಬ್ಬ ಇದ್ದಿದ್ದರೆ ಅಷ್ಟು ಹೊತ್ತಿಗೆ ಅವನ ಕಥೆ ಮುಗಿಯುತ್ತಿತ್ತು.

ನನ್ನ ಹಳೆಯ ಮೊಣಕಾಲು ನೋವನ್ನೂ ಮರೆತು ದಡದಡ ಇಳಿದು ಹೋದೆ.

"ಚಾಲೂ ಅಂತ ಯಾರಂದ್ರು ಕಾಕಾ?"

"ಯಾರೂ ಅನ್ಲಿಲ್ರಿ."

"ಮತ್ತ?"

"ಇಲ್ಲ ಅಂತನೂ ಅನ್ಲಿಲ್ಲಲ್ರಿ."

ಅವರು ಚೇಷ್ಟೆ ಮಾಡುತ್ತಿರಲಿಲ್ಲ. ನಾನೇಕೆ ಸಿಟ್ಟಾಗಿದ್ದೇನೆ ಎಂಬುದೇ ಅವರಿಗೆ ಅರ್ಥವಾದಂತಿರಲಿಲ್ಲ. ಸಂಜೆ ಕೈ ತೊಳೆಯುವ ನಲ್ಲಿಯ ಹತ್ತಿರ ಹುಡುಗಿಯನ್ನು ಹಿಡಿದು ಕೇಳಿದೆ. ಅವಳು ನೆಲ ನೋಡುತ್ತ ಹೇಳಿದಳು.

"ಮನ್ಯಾಗ ಹಂಗ ಐತ್ರಿ ಅಕ್ಕಾರ. ಮಾವಾರು ಪಡಸಾಲ್ಯಾಗ ಕುಂತು, ರೊಟ್ಟಿ ಆದುವೇನು ಅಂತ ಕೇಳ್ತಾರ. ಆಗಿದ್ರ ನಾ ಸುಮ್ಮನಿರ್ತೀನ್ರಿ, ಅವರು ಎದ್ದು ಕೈ ತೊಳ್ಕೊಂಡು ಬರ್ತಾರ. ಆಗಿಲ್ಲಾಂದ್ರ ಬಳಿ ಸಪ್ಪಳ ಮಾಡ್ತೀನಿ, ಅವರು ಕುಂತಿರ್ತಾರ."

"ಮಾತಾಡೂದ ಇಲ್ಲೇನು?"

"ಇಲ್ರಿ. ಮದಿವ್ಯಾದಾಗಿಂದ ಒಮ್ಮೆರ ಎದುರಿಗೆ ನಿಂತು ಮಾತಾಡಿಲ್ರಿ. ಅತ್ತೀನೂ ತಮ್ಮ ಮಾವಾರ ಕೂಡ ಮಾತಾಡಿಲ್ಲಂತ್ರಿ."

ನನಗೆ ನಗು ಬರಬೇಕಿತ್ತು. ಬರಲಿಲ್ಲ, ಹೆದರಿಕೆ ಬಂತು. ಸೊಸೆ ಸುಮ್ಮನಿದ್ದರೆ ಹೌದು, ಬಳೆ ಸದ್ದಾದರೆ ಇಲ್ಲ. ಒಂದು ಮನೆಯ ಪಡಸಾಲೆಗೂ ಅಡುಗೆಮನೆಗೂ ನಡುವೆ ಇಷ್ಟು ವರ್ಷ ಚೆನ್ನಾಗಿಯೇ ನಡೆದ ಪದ್ಧತಿ ಅದು. ಆ ಪದ್ಧತಿ ಈಗ ಇಬ್ಬರ ಜೊತೆಗೂ ಗಿರಣಿಗೆ ಬಂದಿತ್ತು. ಬಳೆಗಳನ್ನಂತೂ ನಾನೇ ಬಿಚ್ಚಿಸಿದ್ದೆ.

ಮರುದಿನ ಕಾಕಾ ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. "ತಿಳೀತ್ರಿ. ಇನ್ಮ್ಯಾಲ ದನಿ ಬರೋತನಕ ನಾ ಬಟನ್ ಮುಟ್ಟಂಗಿಲ್ಲ," ಅಂದರು. ನೀವಾದರೂ ಅವಳ ಜೊತೆ ಎರಡು ಮಾತಾಡಿದರೆ ಅವಳ ಸಂಕೋಚ ಹೋಗುತ್ತದೆ ಎಂದೆ. ಅವರು ಹುಡುಗರ ಹಾಗೆ ನಾಚಿಕೊಂಡರು. "ಏನಂತ ಮಾತಾಡ್ಲಿ? ಈ ವಯಸ್ಸಿನ್ಯಾಗ ಹೊಸದಾಗಿ ಏನ ಸುರು ಮಾಡೂದ್ರಿ?"

ಇವರಿಬ್ಬರನ್ನು ಬೇರೆ ಬೇರೆ ಪಾಳಿಗೆ ಹಾಕಿ ಎಂದು ಸಾವ್ಕಾರರನ್ನು ಕೇಳಿದೆ. ಬೋರ್ಡು ನೋಡುವ ಇನ್ನೊಬ್ಬನದು ರಾತ್ರಿ ಪಾಳಿ, ಈ ವಯಸ್ಸಿನಲ್ಲಿ ಕಾಕಾ ರಾತ್ರಿ ನಿಲ್ಲಲಾರರು, ಹೆಂಗಸರನ್ನು ರಾತ್ರಿ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಹೀಗಾಗಿ ಆ ದಾರಿಯೂ ಮುಚ್ಚಿತು. ಹುಡುಗಿಗೆ ದನಿಯೇ ಇಲ್ಲವೇನೋ ಎಂಬ ಅನುಮಾನ ಬೇರೆ. ಅವಳನ್ನು ಭತ್ತ ಒಣಗಿಸುವ ಅಂಗಳಕ್ಕೆ ಕರೆದುಕೊಂಡು ಹೋಗಿ, ಹಿಂದಕ್ಕೆ ಬರುತ್ತಿದ್ದ ಲಾರಿಯನ್ನು ತೋರಿಸಿ, ನಿಲ್ಲಿಸು ನೋಡೋಣ ಎಂದೆ. 'ಬಂದ್' ಎಂದು ಅವಳು ಕೂಗಿದ ರಭಸಕ್ಕೆ ಡ್ರೈವರ್ ಗಾಬರಿಯಾಗಿ ಬ್ರೇಕು ಒತ್ತಿ, ಕೆಳಗಿಳಿದು ಚಕ್ರದಡಿ ಬಗ್ಗಿ ನೋಡಿದ. ಗಂಟಲಿಗೇನೂ ಆಗಿರಲಿಲ್ಲ. ಮೇಲೆ ಹತ್ತಿಸಿ, ಕೆಳಗೆ ಕಾಕಾ ನಿಂತರೆ ಮಾತ್ರ ಅದು ಕಟ್ಟಿಕೊಳ್ಳುತ್ತಿತ್ತು. ದಿನವೂ ತಾಲೀಮು ಮಾಡಿಸಿದೆ. ಬಯ್ದೆ. ರಮಿಸಿದೆ. ಕೊನೆಕೊನೆಗೆ ಸೆರಗಿನೊಳಗಿಂದ 'ಬಂದ್ ರೀ' ಎಂದು ಒಂದು ಸಣ್ಣ ದನಿ ಬರತೊಡಗಿತು, ಅದು ನನಗೇ ಸರಿಯಾಗಿ ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಸುಗ್ಗಿ ಬಂತು. ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹೊಡೆದಿದ್ದರಿಂದ ಬಂದದ್ದೆಲ್ಲ ಹಸಿ ಭತ್ತ. ಗೇಟಿನಿಂದ ರಸ್ತೆಯವರೆಗೆ ಟ್ರ್ಯಾಕ್ಟರುಗಳು ನಿಂತವು. ಒಂದು ಬೆಳಿಗ್ಗೆ, ಬಿಸಿಲೇರುವ ಹೊತ್ತಿಗೆ, ಕಣಜದಲ್ಲಿ ಭತ್ತ ಕಟ್ಟಿಕೊಂಡು ನಿಂತಿತು. ಯಾವಾಗಲೂ ಕಾವಲಿಗೆ ನಿಲ್ಲುವವನು ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಕುಷ್ಟಗಿಗೆ ಹೋಗಿದ್ದ. ಹುಡುಗಿಯನ್ನು ಮೇಲೆ ಕಳಿಸಿ, ಹಮಾಲರಲ್ಲಿ ಇಬ್ಬರನ್ನು ಇಳಿಯಲು ಕರೆದೆ. ಅವರ ಮುಖಂಡ ಮುಂದೆ ಬಂದು ಕೈ ಮುಗಿದ.

"ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಆ ತಂಗಿ ಕಾವಲಿಗೆ ನಿಂತ್ರ ನಾವು ಇಳ್ಯಂಗಿಲ್ರಿ. ನಮಗೂ ಮನಿ ಮಕ್ಕಳದಾವು."

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಸದ್ದು ಕೇಳಿ ಸಾವ್ಕಾರರು ಆಫೀಸಿನಿಂದ ಹೊರಬಂದರು. ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳನ್ನು ನೋಡಿ ಅವರ ತಾಳ್ಮೆ ಆಗಲೇ ತೀರಿತ್ತು. "ನಾ ಮೊದಲ ಹೇಳಿದ್ದೆ. ಇವತ್ತಿನಿಂದ ಆಕಿನ್ನ ಕಸದ ಕಡೀ ಹಾಕ್ರಿ. ಇಲ್ಲೆ ಯಾರರ ಗಂಡಾಳು ನಿಂದರ್ಲಿ," ಅಂದರು.

ಹುಡುಗಿ ಅಟ್ಟಣಿಗೆಯ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹತ್ತಿ ಹೋದಾಗ ಅವಳ ಕಣ್ಣು ತುಂಬಿದ್ದವು. "ಕಸಾ ಹೊಡ್ಯಾಕ ನಾ ಐಟಿಐ ಕಲ್ತಿಲ್ರಿ ಅಕ್ಕಾರ," ಎಂದು ನನಗಷ್ಟೇ ಕೇಳುವ ಹಾಗೆ ಹೇಳಿದಳು. ಈಗ ಕೆಳಗಿಳಿದು ಪೊರಕೆ ಹಿಡಿದರೆ ಅವಳು ಮತ್ತೆಂದೂ ಈ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಾದ ಮೇಲೆ ಇನ್ನೊಬ್ಬಳು ಬರುವುದೂ ಸುಳ್ಳು.

"ನಾ ಇಳೀತೀನಿ," ಎಂದು ಕೆಳಗಿನವರಿಗೆಲ್ಲ ಕೇಳುವಂತೆ ಅಂದೆ. "ಕಾವಲಿಗೆ ಆಕಿನ ನಿಂದರ್ಲಿ."

ನನ್ನ ಸಿಟ್ಟು ಯಾವಾಗಲೂ ನನಗಿಂತ ಒಂದು ಹೆಜ್ಜೆ ಮುಂದೆ ಇರುತ್ತದೆ. ಅಷ್ಟು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಕೋಟು ಬಿಗಿ ಮಾಡಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಅಟ್ಟಣಿಗೆಯ ಕಂಬಿಗೆ ಕಟ್ಟಿ, ಗಂಟನ್ನು ಜಗ್ಗಿ ನೋಡಿದೆ. ಹುಡುಗಿ ನನ್ನ ತೋಳು ಹಿಡಿದುಕೊಂಡು "ಬ್ಯಾಡ್ರಿ ಅಕ್ಕಾರ" ಅಂದಳು.

"ನನ್ನ ಜೀವ ಈಗ ನಿನ್ನ ಬಾಯಾಗ ಐತಿ, ನೋಡ ಯವ್ವಾ. ಅಷ್ಟ ನೆನಪಿಟ್ಕೋ," ಅಂದೆ. 'ಬಂದ್' ಎಂದು ನಾನೇ ಒಮ್ಮೆ ಕೂಗಿದೆ. ಬೆಲ್ಟೂ ಎಲಿವೇಟರೂ ನಿಂತವು. ಆಚೆ ಬದಿಯ ಪಾಲಿಶ್ ಯಂತ್ರಗಳ ಸದ್ದು ಮಾತ್ರ ಉಳಿಯಿತು.

ಕಣಜದ ಒಳಗೆ ಹಸಿ ಹೊಟ್ಟಿನ ವಾಸನೆ, ಸೆಕೆ, ಧೂಳು. ಕಬ್ಬಿಣದ ಏಣಿ ಇಳಿದು ಭತ್ತದ ಮೇಲೆ ಕಾಲಿಟ್ಟೆ. ಗಟ್ಟಿ ನೆಲದಂತೆಯೇ ಇತ್ತು. ಅದರ ಅಡಿಯಲ್ಲಿ ಪೊಳ್ಳು ಎಂದು ಗೊತ್ತಿದ್ದರೂ ಕಾಲು ನಂಬಿಬಿಡುತ್ತದೆ. ಗಳದಿಂದ ಗೋಡೆಯ ಬದಿಗೆ ಚುಚ್ಚುತ್ತ ಬಂದೆ. ಒಂದು ಕಡೆ ಹೆಪ್ಪು ಒಡೆದು ಭತ್ತ ಸೊರ್ ಎಂದು ಒಳಕ್ಕೆ ಜಾರಿತು. ನಾನು ಹಿಂದೆ ಸರಿದು ಇನ್ನೊಂದು ಕಡೆ ಚುಚ್ಚಿದೆ. ಆಗ ಹೊರಗಿನಿಂದ, ಬಹಳ ದೂರದಿಂದೆಂಬಂತೆ, ಕಾಕಾ ಅವರ ದನಿ ಕೇಳಿತು.

"ಹೊರಗ ಬಂದ್ರೇನೂ?"

ತಲೆ ಎತ್ತಿದೆ. ಕಣಜದ ದುಂಡನೆಯ ಬಾಯಲ್ಲಿ ಹುಡುಗಿಯ ಮುಖ, ಅದರ ಹಿಂದೆ ಬೆಳಕು. 'ಇಲ್ಲ' ಎಂಬ ಮಾತಿಗಾಗಿ ಕಾದೆ. ಅವಳು ನನ್ನ ಕಡೆಗೊಮ್ಮೆ, ಕೆಳಗೊಮ್ಮೆ ನೋಡಿದಳು. ಅವಳ ಬಾಯಿ ತೆರೆದಿತ್ತು, ಅದರಿಂದ ಏನೂ ಬರುತ್ತಿರಲಿಲ್ಲ. ಇಲ್ಲ ಎಂದು ನಾನೇ ಕೂಗಿದೆ. ಹೊಲದಿಂದ ಹೊಲಕ್ಕೆ ಹಾಯುತ್ತಿದ್ದ ನನ್ನ ದನಿ ಆ ತಗಡಿನೊಳಗೆ ನನ್ನ ಸುತ್ತಲೇ ಸುತ್ತಿತು, ಹೊರಗೆ ಹೋಗಲಿಲ್ಲ.

ಬೂಟಿನ ಕೆಳಗೆ ಸಣ್ಣದಾಗಿ ನಡುಕ ಶುರುವಾಯಿತು. ಆಮೇಲೆ ಭತ್ತ ಸರಿಯಿತು.

ಅದ್ದಿದಂತೆ ಮೊಣಕಾಲು ಹೋಯಿತು, ತೊಡೆ ಹೋಯಿತು. ಏಣಿಯ ಕಡೆ ಕೈ ಚಾಚಿದೆ, ಎಟುಕಲಿಲ್ಲ. ಹಗ್ಗ ಬಿಗಿದು ಪಕ್ಕೆಲುಬು ಮುರಿಯುವಂತಾಯಿತು, ಮೇಲಿನಿಂದ ಹಗ್ಗ, ಕೆಳಗಿನಿಂದ ಭತ್ತ ನನ್ನನ್ನು ಎಳೆಯುತ್ತಿದ್ದವು. ಇಂಥ ಹೊತ್ತಿನಲ್ಲಿ ದೇವರು ನೆನಪಾಗುತ್ತಾನೆ ಅನ್ನುತ್ತಾರೆ. ನನಗೆ ನೆನಪಾದದ್ದು ತರಿಸದೇ ಹೋದ ಆ ಬೀಗ, ಸಾವ್ಕಾರರನ್ನು ಬಯ್ಯುತ್ತಲೇ ನಾನು ಸೊಂಟದವರೆಗೆ ಇಳಿದೆ. ಮೇಲೆ ನೋಡಿದರೆ ಹುಡುಗಿ ತನ್ನ ಬಲಗೈಯನ್ನು ಕಂಬಿಗೆ ಬಡಿಯುತ್ತಿದ್ದಳು. ಮತ್ತೆ ಮತ್ತೆ ಬಡಿಯುತ್ತಿದ್ದಳು, ಮನೆಯಲ್ಲಿ ಇಲ್ಲ ಎನ್ನಲು ಬಡಿಯುವ ಹಾಗೆ. ಆ ಕೈಯಲ್ಲಿ ಒಂದು ಅರಿಸಿನದ ದಾರ ಬಿಟ್ಟರೆ ಏನೂ ಇರಲಿಲ್ಲ. ಸದ್ದಾಗಲಿಲ್ಲ.

ಅವಳು ತನ್ನ ಬರಿಗೈಯನ್ನು ನೋಡಿಕೊಂಡದ್ದು ನನಗೆ ಕಂಡಿತು. ಸೆರಗನ್ನೂ ಟೊಪ್ಪಿಗೆಯನ್ನೂ ಒಟ್ಟಿಗೆ ಕಿತ್ತೆಸೆದು ಕಂಬಿಯ ಮೇಲೆ ಬಾಗಿದಳು.

"ಮಾವಾ, ಬಂದ್. ಬಂದ್ ಮಾಡೋ ಮಾವಾ. ಅಕ್ಕ ಒಳಗದಾಳ, ಬಂದ್ ಮಾಡೋ."

ಆ ದನಿಗೆ ಪಾಲಿಶ್ ಯಂತ್ರದ ಹತ್ತಿರ ಇದ್ದವರು ಕೂಡ ತಿರುಗಿ ನೋಡಿದರಂತೆ. ಬೆಲ್ಟು ನಿಂತಿತು. ಭತ್ತ ಇನ್ನೂ ಒಂದಿಷ್ಟು ಸರಿದು, ನನ್ನ ಎದೆಯ ಕೆಳಗೆ ಬಂದು ತಟಸ್ಥವಾಯಿತು.

ಅಂಥ ಸ್ಥಿತಿಯಲ್ಲಿ ಹಗ್ಗ ಹಿಡಿದು ಜಗ್ಗಿದರೆ ಮನುಷ್ಯ ಹರಿದುಹೋಗುತ್ತಾನೆ. ಸುತ್ತ ಹಲಗೆ ಇಟ್ಟು, ಭತ್ತವನ್ನು ಬುಟ್ಟಿಯಲ್ಲಿ ತೋಡಿ ತೆಗೆಯಬೇಕು. ಅದನ್ನು ಹಮಾಲರಿಗೆ ಕಲಿಸಿದವಳು ನಾನೇ, ಅವರು ಕಲಿತದ್ದನ್ನು ಮರೆತಿರಲಿಲ್ಲ. ಹಲಗೆ, ಬುಟ್ಟಿ ಹಿಡಿದು ಓಡೋಡಿ ಮೇಲೆ ಬಂದರು. ಇಳಿಯುವ ಮೊದಲು ಅವರ ಮುಖಂಡ ಸಾವ್ಕಾರರ ಕಡೆ ತಿರುಗಿ, "ಆ ತಂಗಿ ಅಲ್ಲೇ ನಿಂದರ್ಲಿ. ಆಕಿನ್ನ ಯಾರೂ ಸರಸಬ್ಯಾಡ್ರಿ," ಅಂದದ್ದು ನನಗೆ ಒಳಗಿದ್ದೂ ಕೇಳಿತು.

ಅವರು ತೋಡುವಷ್ಟು ಹೊತ್ತೂ ಅವಳು ಮೇಲಿನಿಂದ ಕೇಳುತ್ತಲೇ ಇದ್ದಳು. "ಬಂದ್ ಐತಿಲ್ರಿ?" ಕೆಳಗಿನಿಂದ ಕಾಕಾ ಅವರ ದನಿ. "ಬಂದ್ ಐತಿ." ಸ್ವಲ್ಪ ಹೊತ್ತಿಗೆ ಮತ್ತೆ. "ಬಂದ್ ಐತಿಲ್ರಿ?" "ಐತಿ ಯವ್ವಾ, ಬಂದ್ ಐತಿ." ಭತ್ತದೊಳಗೆ ಹೂತು ಕೂತವಳಿಗೆ ಅದಕ್ಕಿಂತ ಇಂಪಾದ ಮಾತು ಬೇರೆ ಬೇಕಾಗಿರಲಿಲ್ಲ. ಮದುವೆಯಾದ ಮೇಲೆ ಆ ಮಾವ ಸೊಸೆ ಒಬ್ಬರಿಗೊಬ್ಬರು ಆಡಿದ ಮೊದಲ ಮಾತುಗಳಿವು ಎಂದು ನನಗೆ ಹೊಳೆದದ್ದು ಆಮೇಲೆ, ಹೊರಗೆ ಬಂದು ಎರಡು ಲೋಟ ನೀರು ಕುಡಿದ ಮೇಲೆ.

ಕೆಳಗೆ ಕಾಕಾ ಬೋರ್ಡಿನ ಬುಡದಲ್ಲಿ ಕುಸಿದು ಕೂತಿದ್ದರು. ಸಾವ್ಕಾರರು ಪಕ್ಕದಲ್ಲಿ ನಿಂತು ಅವಸರ ಮಾಡುತ್ತಿದ್ದರಂತೆ. ಕಾಕಾ ಕೇಳಿದರು, ಮೇಲಿನಿಂದ ಮಾತು ಬರಲಿಲ್ಲ. "ಕೈ ತಾನ ಹೋತ್ರಿ ಅಕ್ಕಾರ," ಅಂದರು. ಬಯ್ಯಬೇಕೆಂದು ಹೋದವಳು ಅವರ ಮುಖ ನೋಡಿ ನೀರಿನ ಲೋಟ ಮುಂದೆ ಹಿಡಿದೆ. ಸಾವ್ಕಾರರನ್ನು ಮಾತ್ರ ಬಿಡಲಿಲ್ಲ. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹುಡುಗಿ ಮೆಟ್ಟಿಲಿಳಿದು ಬಂದಳು. ಮಾವನನ್ನು ಕಂಡದ್ದೇ ಸೆರಗು ಎಳೆದುಕೊಂಡು, ನನ್ನ ಬೆನ್ನ ಹಿಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ನಾನು ಸಾಯುತ್ತಿದ್ದೆ ಎಂದು ಅಳುತ್ತಿದ್ದಾಳೆ ಎಂದುಕೊಂಡೆ.

"ಅಷ್ಟು ಮಂದಿ ಮುಂದ ಮಾವಾರಿಗೆ ಹಂಗ ಒದರಿದ್ನಲ್ರೀ," ಅಂದಳು.

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ನನಗೆ ಹೇಳಿದರು. "ಅಕ್ಕಾರ, ಇನ್ನ ಮುಂದನೂ ಹಂಗ ಒದರಬೇಕು ಅಂತ ಹೇಳ್ರಿ ಆಕಿಗೆ."

ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. "ನಿಮ್ಮಿಬ್ಬರ ನಡುವ ಮಾತು ಹೊರಾಕ ನಾ ಜೀವಂತ ಉಳಿದೀನೇನು? ನೀವ ಹೇಳ್ರಿ ಕಾಕಾ. ಆಕಿ ಇಲ್ಲೇ ಅದಾಳ." ಅವರು ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು. ಅವತ್ತು ಅದು ಅವರಿಂದ ಆಗಲಿಲ್ಲ.

ಆ ವಾರವೇ ಬೀಗ ಬಂತು. ಈಗ ಕಣಜಕ್ಕೆ ಯಾರೇ ಇಳಿದರೂ ಬೋರ್ಡಿಗೆ ಬೀಗ ಬೀಳುತ್ತದೆ, ಕೀಲಿ ಇಳಿದವರ ಕಿಸೆಯಲ್ಲಿರುತ್ತದೆ. ಬೀಗ ಬಂದರೂ ಹಮಾಲರು ಕಾವಲಿಗೆ ಆ ತಂಗಿಯೇ ಬೇಕು ಅನ್ನುತ್ತಾರೆ. ಸಾವ್ಕಾರರು ಕಸದ ಮಾತನ್ನು ಮತ್ತೆ ಎತ್ತಲಿಲ್ಲ. ಅವಳು ಕೂಗುತ್ತಾಳೆ, ಕಾಕಾ ಕೆಳಗಿನಿಂದ ಉತ್ತರ ಕೊಡುತ್ತಾರೆ. ಕೆಲಸದ ಮಾತು ಅಷ್ಟೇ, ಅದರಾಚೆ ಒಂದು ಮಾತಿಲ್ಲ. ಪಾಳಿ ಮುಗಿದ ಮೇಲೆ ಅವರು ಮುಂದೆ, ಅವಳು ಸೆರಗು ಹೊದ್ದು ಹಿಂದೆ. ನೋಡಿ ನೋಡಿ ನಾನೂ ಆಸೆ ಬಿಟ್ಟಿದ್ದೆ.

ಸುಗ್ಗಿಯ ಗದ್ದಲ ಇಳಿದ ಮೇಲೆ ಒಂದು ಮಧ್ಯಾಹ್ನ ನಾನೂ ಹುಡುಗಿಯೂ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ಅವಳು ರೊಟ್ಟಿ ಮುರಿಯುತ್ತ, ಯಾರಾದರೂ ಕೇಳಿಸಿಕೊಂಡಾರೇನೋ ಎಂಬಂತೆ ಅತ್ತಿತ್ತ ನೋಡಿ, ಹೇಳಿದಳು.

"ನಿನ್ನೆ ಮಾವಾರು ಪಡಸಾಲ್ಯಾಗ ಕುಂತು, ರೊಟ್ಟಿ ಆದುವೇನು ಅಂತ ಕೇಳಿದ್ರು ಅಕ್ಕಾರ. ಆಗಿದ್ವು. ನಾ ಸುಮ್ಮನಿದ್ದೆ."

"ಹೂಂ?"

"ಏಳ್ಲಿಲ್ರಿ. ಮತ್ತ ಕೇಳಿದ್ರು. ಬಳಿ ಸಪ್ಪಳನೂ ಮಾಡಿಲ್ಲ ನಾನು, ಹಂಗಾರ ಯಾಕ ಏಳವಲ್ರು ಅಂತ ಗಾಬರಿ ಆತ್ರಿ. ಅತ್ತಿ ಹೋಗಿ, ಆಗ್ಯಾವಲ್ಲ, ಏಳ್ರಿ ಅಂದ್ರು. ನಾ ನಿನ್ನ ಕೇಳಿಲ್ಲ ಅಂದ್ರು ಮಾವಾರು. ದನಿ ಬರೋತನಕ ನಾ ಏಳಂಗಿಲ್ಲ ಅಂದ್ರು."

"ನೀ ಏನ ಮಾಡಿದಿ?"

"ರೊಟ್ಟಿ ಆರಾಕತ್ತಿದ್ವು. ಅಡಗಿಮನ್ಯಾಗಿಂದನ ಅಂದೆ, ಆಗ್ಯಾವ್ರಿ ಮಾವಾರ, ಬರ್ರಿ ಅಂತ."

"ಆಮ್ಯಾಲ?"

ಅವಳು ರೊಟ್ಟಿಯ ಚೂರನ್ನು ಪಲ್ಯದಲ್ಲಿ ಅದ್ದುತ್ತ, ತಲೆ ಎತ್ತದೆ ಹೇಳಿದಳು.

"ಬಂದೆ ಯವ್ವಾ ಅಂದ್ರು."